‘ವಯಸ್ಸಾಯ್ತಲ್ಲ’ ಎಂಬುದು ಕಾಯಿಲೆಯ ಹೆಸರಲ್ಲ

ಮನೆಯ ಹಿರಿಯರಿಗೆ ಡಿಮೆನ್ಷಿಯಾ ಇದೆ ಎಂದು ಗೊತ್ತಾದ ಕುಟುಂಬಗಳನ್ನು ಮಾತಾಡಿಸಿ ನೋಡಿ. ಕಾಯಿಲೆಯ ಮೇಲಿಗಿಂತ ಹೆಚ್ಚು ಸಿಟ್ಟು ಅವರಿಗೆ ಅದರ ಹೆಸರು ತಿಳಿಯಲು ಹಿಡಿದ ಕಾಲದ ಮೇಲಿರುತ್ತದೆ. ಗೋವಿಂದರಾಜನಗರ, ಮೂಡಲಪಾಳ್ಯದ ಕಡೆಯ ಮನೆಗಳಲ್ಲಿ ಕೇಳಿಬರುವ ಕಥೆ ಹೆಚ್ಚುಕಡಿಮೆ ಒಂದೇ. ಝುಹರ್ ನಮಾಝ್ ಮುಗಿಸಿ ಎದ್ದ ತಾಯಿ ಹತ್ತು ನಿಮಿಷದಲ್ಲಿ ಮತ್ತೆ ವುಝೂ ಮಾಡಲು ಹೋಗುತ್ತಾರೆ. ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆಯುತ್ತಾರೆ. ಸೊಸೆ ಬಳೆ ಕದ್ದಳೆಂದು ನೆರೆಮನೆಯಲ್ಲಿ ದೂರುತ್ತಾರೆ. ಹತ್ತಿರದ ಕ್ಲಿನಿಕ್‌ಗೆ ಹೋದರೆ ‘ವಯಸ್ಸಾಯ್ತಲ್ಲ, ಇದೆಲ್ಲ ಸಾಮಾನ್ಯ’ ಎಂಬ ಉತ್ತರ, ಜೊತೆಗೆ ವಿಟಮಿನ್ ಮಾತ್ರೆ. ಇನ್ನೊಂದು ಕಡೆ ನಿದ್ರೆಯ ಮಾತ್ರೆ. ಯಾವುದೋ ‘ಅಸರ್’ ಇರಬೇಕೆಂದು ತಾವೀಝ್ ಕಟ್ಟಿಸುವವರೂ ಇದ್ದಾರೆ. ಹೀಗೆ ವರ್ಷಗಳೇ ಕಳೆಯುತ್ತವೆ.

ಇದು ಸಾಮಾನ್ಯವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ ಇರುವವರು ಶೇ. 7.4, ಅಂದರೆ ಸುಮಾರು 88 ಲಕ್ಷ ಮಂದಿ. ವಯಸ್ಸೊಂದೇ ಕಾರಣವಾಗಿದ್ದರೆ ಉಳಿದ ತೊಂಬತ್ತೆರಡು ಮಂದಿಗೆ ಯಾಕೆ ಬಂದಿಲ್ಲ? ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಆದ ರಕ್ತಸ್ರಾವ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವೂ ಮರೆವಿನ ರೂಪದಲ್ಲೇ ಕಾಣಿಸಿಕೊಳ್ಳುತ್ತವೆ. ಸಕಾಲದಲ್ಲಿ ಕಂಡರೆ ಇವುಗಳಿಗೆ ಚಿಕಿತ್ಸೆ ಇದೆ. ‘ವಯಸ್ಸಾಯ್ತು’ ಎಂದು ಕಳಿಸಿಬಿಟ್ಟರೆ ಆ ಅವಕಾಶವೂ ಕೈತಪ್ಪುತ್ತದೆ.

ದೊಡ್ಡ ಆಸ್ಪತ್ರೆಗೆ ಹೋದ ಮೇಲಿನ ಗೋಳು ಬೇರೆ. ರಾತ್ರಿಯಿಡೀ ‘ನನ್ನ ಮನೆಗೆ ಕಳಿಸಿ’ ಎಂದು ಬಾಗಿಲು ಬಡಿದವರು ಡಾಕ್ಟರ ಎದುರು ಸಲಾಂ ಹೇಳಿ, ಮಕ್ಕಳೆಷ್ಟು ಎಂದರೆ ಸರಿಯಾಗಿ ಉತ್ತರಿಸಿ, ನಗುತ್ತಾ ಕೂರುತ್ತಾರೆ. ಆರಂಭದ ಹಂತದಲ್ಲಿ ಇದು ತೀರಾ ಸಹಜ. ಹತ್ತು ನಿಮಿಷದ ಭೇಟಿಯಲ್ಲಿ ಕಾಯಿಲೆ ಅಡಗಿಕೊಳ್ಳುತ್ತದೆ, ಮನೆಯವರು ಉತ್ಪ್ರೇಕ್ಷೆ ಮಾಡುವವರಂತೆ ಕಾಣುತ್ತಾರೆ. ಆದರೆ ಈ ಕಾಯಿಲೆಯಲ್ಲಿ ನೋಡಿಕೊಳ್ಳುವವರ ಮಾತೇ ಅರ್ಧ ಪರೀಕ್ಷೆ. ಅವರನ್ನು ಪ್ರತ್ಯೇಕವಾಗಿ ಕೂರಿಸಿ ಕೇಳದ ವೈದ್ಯರು ಸ್ಕ್ಯಾನ್ ಎಷ್ಟು ಮಾಡಿಸಿದರೂ ಕೆಲಸ ಅಪೂರ್ಣ ಎಂದೇ ನನ್ನ ಅಭಿಪ್ರಾಯ. ರೋಗಿಯ ಎದುರಲ್ಲೇ ದೂರು ಹೇಳಿಸಿದರೆ ಅವರಿಗೆ ಅವಮಾನ, ಮನೆಗೆ ಬಂದ ಮೇಲೆ ಜಗಳ.

ತಪ್ಪು ನಮ್ಮ ಕಡೆಯೂ ಇದೆ. ದಿನವಿಡೀ ನೋಡಿಕೊಳ್ಳುವವಳು ಸೊಸೆ ಅಥವಾ ಮಗಳು, ಆಸ್ಪತ್ರೆಗೆ ಕರೆದೊಯ್ಯುವವನು ಸಂಜೆ ಮನೆಗೆ ಬರುವ ಮಗ. ಯಾವಾಗ ಶುರುವಾಯಿತು, ಇಸ್ತಿಂಜಾ ತಾವೇ ಮಾಡಿಕೊಳ್ಳುತ್ತಾರಾ ಎಂದು ಕೇಳಿದರೆ ಅವನ ಬಳಿ ಉತ್ತರವಿಲ್ಲ. ಆಕೆಯೇ ಹೋಗಲಿ. ಏನು, ಯಾವಾಗ ನಡೆಯಿತು ಎಂದು ಬರೆದ ಪುಸ್ತಕ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ಸಂಸ್ಥೆಯಿಂದ ತಂದ ಔಷಧಿಯಿದ್ದರೆ ಅದನ್ನೂ ತೋರಿಸಬೇಕು.

ಭಾಷೆಯದ್ದು ಇನ್ನೊಂದು ತೊಡಕು. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ ಮಾತಾಡಿ ಬದುಕಿದವರು ನಮ್ಮ ಹಿರಿಯರು. ಇದು ಒಳ್ಳೆಯದೇ. 2013ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದು 648 ರೋಗಿಗಳನ್ನು ಪರಿಶೀಲಿಸಿ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾದುದನ್ನು ಕಂಡಿತ್ತು. ಆದರೆ ಪರೀಕ್ಷೆಗೆ ಕೂತಾಗ ಪ್ರಶ್ನೆಗಳು ಇಂಗ್ಲಿಷಿನಲ್ಲೋ ಪುಸ್ತಕದ ಕನ್ನಡದಲ್ಲೋ ಬಂದರೆ ಅಂಕ ಕಡಿಮೆಯಾಗುವುದು ಮರೆವಿನಿಂದಲೋ ಭಾಷೆಯಿಂದಲೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಗಳು ಮೊದಲು ಸಿದ್ಧವಾದ ಐದು ಭಾಷೆಗಳಲ್ಲಿ ಕನ್ನಡವಿದೆ, ಉರ್ದು ಇಲ್ಲ. ಶಾಲೆಗೆ ಹೋಗದ ಅಜ್ಜಿಗೆ ನೂರರಿಂದ ಏಳೇಳು ಕಳೆಯಿರಿ ಎನ್ನುವುದೂ ಅಷ್ಟೇ ಅನ್ಯಾಯ. ಮನೆಮಾತಿನಲ್ಲಿ ಕೇಳಿ ಎಂದು ಹೇಳಲು ಸಂಕೋಚ ಬೇಡ.

ಹೆಸರು ತಿಳಿದ ಮೇಲೇನು? ಡೊನೆಪೆಝಿಲ್, ಮೆಮಂಟಿನ್ ಎಂಬ ಮಾತ್ರೆಗಳನ್ನು ಬರೆದು ‘ಮೂರು ತಿಂಗಳು ಬಿಟ್ಟು ಬನ್ನಿ’ ಎನ್ನುತ್ತಾರೆ. ಇವು ಕೆಲವರಲ್ಲಿ ಸ್ವಲ್ಪ ಕಾಲ ಲಕ್ಷಣಗಳನ್ನು ಹಗುರಗೊಳಿಸುತ್ತವೆಯೇ ಹೊರತು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಈ ಮಾತನ್ನು ಬಿಡಿಸಿ ಹೇಳದ ಕಾರಣ ಕುಟುಂಬ ಗುಣವಾಗುವುದನ್ನೇ ಕಾಯುತ್ತದೆ, ಡಾಕ್ಟರನ್ನು ಬದಲಿಸುತ್ತದೆ, ಸಾಲ ಮಾಡುತ್ತದೆ. ನಿಜಕ್ಕೂ ಬೇಕಾದದ್ದನ್ನು ಯಾರೂ ಕಲಿಸುವುದಿಲ್ಲ. ಮಗ್ರಿಬ್ ಹೊತ್ತಿಗೆ ಗಾಬರಿ ಹೆಚ್ಚಾದರೆ ದೀಪ ಬೇಗ ಹಚ್ಚಬೇಕು. ‘ಆಗಲೇ ನಮಾಝ್ ಮಾಡಿದ್ರಿ’ ಎಂದು ವಾದಿಸಬಾರದು. ಎರಡು ಮೂರು ಗಂಟೆಗೊಮ್ಮೆ ಕೇಳದೆಯೇ ಶೌಚಾಲಯಕ್ಕೆ ಕರೆದೊಯ್ದರೆ ಬಟ್ಟೆ, ಹಾಸಿಗೆ ಶುದ್ಧವಾಗಿ ಉಳಿಯುತ್ತವೆ. ಮೈ ಒರೆಸುವಾಗ ಮೇಲೊಂದು ಚಾದರ ಹೊದಿಸಿದರೆ ಪ್ರತಿರೋಧ ಕಡಿಮೆ. ಇದೂ ಚಿಕಿತ್ಸೆಯೇ, ಮಾತ್ರೆಯಷ್ಟೇ ಮುಖ್ಯ.

ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿ, ಆಸ್ಪತ್ರೆಗಳಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆದದ್ದು ಸ್ವಾಗತಾರ್ಹ. ಆದರೆ ಗಾಬರಿಗೊಂಡ ವೃದ್ಧರನ್ನು ವಿಜಯನಗರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಆಟೋದಲ್ಲಿ ಕರೆದೊಯ್ಯುವುದು ಎಷ್ಟು ಕಷ್ಟ ಎಂದು ಒಯ್ದವರನ್ನೇ ಕೇಳಬೇಕು. ಶುಗರ್, ಬಿಪಿ ನೋಡುವ ವಾರ್ಡಿನ ನಮ್ಮ ಕ್ಲಿನಿಕ್‌ನಲ್ಲಿ ಮರೆವಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಲು ಒಬ್ಬ ನರ್ಸಿಗೆ ತರಬೇತಿ ಕೊಟ್ಟರೆ ಸಾಕು. ಮಸೀದಿ ಸಮಿತಿಗಳು ನಡೆಸುವ ಆರೋಗ್ಯ ಶಿಬಿರಗಳಲ್ಲೂ ಅದೇ ನಾಲ್ಕು ಪ್ರಶ್ನೆ ಕೇಳಬಹುದು, ಹಿರಿಯರನ್ನಲ್ಲ, ಅವರ ಸೊಸೆಯನ್ನು.