ಮುದ್ದೆಮಾಲಿನ ಬಂದೂಕು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುತ್ತ ಸುವರ್ಣಗಿರಿಯಿಂದ ಬಂದ ಓಲೆಯೆಂಬುದನ್ನು, 1892ರಲ್ಲಿ ಬಿ. ಎಲ್. ರೈಸರು ಅದನ್ನು ಬೆಳಕಿಗೆ ತಂದಂದಿನಿಂದ ನಾವು ಬಲ್ಲೆವು. ಆದರೆ ಕೋಪ, ಆತುರ, ಆಲಸ್ಯಗಳಿಗೆ ವಶರಾಗಿ ಯಾರನ್ನೂ ನಿಷ್ಕಾರಣವಾಗಿ ಸೆರೆಯಲ್ಲಿಡಬಾರದೆಂದು ಅದೇ ಚಕ್ರವರ್ತಿಯು ನ್ಯಾಯಾಧಿಕಾರಿಗಳಿಗೆ ವಿಧಿಸಿದ ಶಾಸನವೂ ನಮ್ಮ ಸನ್ನತಿಯಲ್ಲಿಯೇ ದೊರೆತಿರುವುದನ್ನು ಬಲ್ಲವರು ವಿರಳ.

ಚಳ್ಳಕೆರೆಯ ಸೀಮೆಯಲ್ಲಿ ಶೇಂಗಾ ಕಾಯಿಗಟ್ಟುವ ಕಾಲಕ್ಕೆ ಹಂದಿಯ ಹಿಂಡು ಒಂದಿರುಳು ಹೊಲಕ್ಕೆ ನುಗ್ಗಿತೆಂದರೆ, ಬೆಳಗಾಗುವಷ್ಟರಲ್ಲಿ ಸಾಲುಸಾಲು ಬಳ್ಳಿ ಬೇರುಮೇಲಾಗಿ ಬಿದ್ದಿರುತ್ತದೆ. ಅಂತಹ ಹೊಲದ ಗುಡಿಸಲ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ, ನಳಿಗೆಗೆ ತುಕ್ಕು ಹಿಡಿದ, ಒಡೆದ ಹಿಡಿಗೆ ತಂತಿ ಸುತ್ತಿದ ನಾಡಬಂದೂಕೊಂದು ಪಂಚನಾಮೆಯಾಗಿ, ಚೀಟಿ ಕಟ್ಟಿಸಿಕೊಂಡು, ಅರಗಿನ ಮುದ್ರೆಯೊಡನೆ ನ್ಯಾಯಾಲಯದ ಮೇಜನ್ನೇರಿದಾಗ, ‘ಮುದ್ದೆಮಾಲು’ ಎಂಬ ಒಂದೇ ಹೆಸರಿನಡಿ ಅದು ಸುಲಿಗೆಕೋರನ ಪಿಸ್ತೂಲಿಗೆ ಸಮಾನವಾಗಿಬಿಡುತ್ತದೆ.

ಬೆಳೆರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡುವ ಮಾರ್ಗವನ್ನು 1959ರ ಶಸ್ತ್ರಾಸ್ತ್ರ ಕಾಯಿದೆಯೇ ತೆರೆದಿರಿಸಿದೆ. ಆ ಮಾರ್ಗ ಹಿಡಿಯದವನಿಗೆ ಒಂದರಿಂದ ಮೂರು ವರ್ಷಗಳಿದ್ದ ಸೆರೆವಾಸವನ್ನು 2019ರ ತಿದ್ದುಪಡಿಯು ಎರಡರಿಂದ ಐದಕ್ಕೆ ಏರಿಸಿತು. ಹೀಗಿದ್ದರೂ ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದು ಶಿಕ್ಷೆಯನ್ನು ತಗ್ಗಿಸುವ ಅಧಿಕಾರವನ್ನು ಶಾಸಕರು ಕಿತ್ತುಕೊಳ್ಳಲಿಲ್ಲ. ಅಂತಹ ವಿವೇಚನೆಯಿರುವಲ್ಲಿ, ಸೆರೆಗೆ ಬದಲಾಗಿ ಮುಚ್ಚಳಿಕೆಯ ಮೇಲೆ ಬಿಡಗೊಡುವ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ ಬಾಗಿಲು ಮುಚ್ಚಿಲ್ಲವೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೇರೊಂದು ಕಾಯಿದೆಯ ಪ್ರಸಂಗದಲ್ಲಿ, ಹೇಳಿಯೂ ಇದೆ.

ಆಯುಧವನ್ನೊಪ್ಪಿಸಲೊಲ್ಲದ ಹಲಗಲಿಯ ಬೇಡರನ್ನು 1857ರಲ್ಲಿ ಆಂಗ್ಲರು ಗಲ್ಲಿಗೇರಿಸಿದ ಕಥೆ ಲಾವಣಿಯಾಗಿ ಉಳಿದಿರುವ ನಾಡಿನಲ್ಲಿ ಇಂತಹ ಕಾಯಿದೆಯೆಂದರೆ ಮುನಿಸು ಸಹಜವೇ. ನಾನೇನೂ ಆ ಮುನಿಸಿನ ಪಕ್ಷಪಾತಿಯಲ್ಲ: ಹಂದಿಗೆಂದು ತುಂಬಿದ ಮದ್ದು ಬದುವಿನ ಜಗಳದಲ್ಲಿ ದಾಯಾದಿಯ ಎದೆಗೂ ಸಿಡಿದೀತು. ನನ್ನ ಆಕ್ಷೇಪವಿರುವುದು, ಯಾವ ಬಂದೂಕು, ಯಾರ ಕೈಯಲ್ಲಿ, ಯಾತಕ್ಕಾಗಿ ಎಂದು ವಿಚಾರಿಸದೆ, ಪರಿವೀಕ್ಷಣಾಧಿಕಾರಿಯಿಂದ ವರದಿಯನ್ನೂ ತರಿಸದೆ, ಮೊದಲ ಬಾರಿಗೆ ಕಟಕಟೆಯೇರಿದವನಿಗೆ ಕಾಯಿದೆಯ ಅಂಕಿಯನ್ನಷ್ಟೇ ಓದಿಹೇಳುವ ಸೋಮಾರಿತನಕ್ಕೆ. ಆಲಸ್ಯವನ್ನೂ ಕೋಪದೊಡನೆಯೇ ಎಣಿಸಿದ ಮೌರ್ಯನು ಆ ಜಾತಿಯ ಅಧಿಕಾರಿಗಳನ್ನು ಕಂಡೇ ಬರೆಯಿಸಿರಬೇಕು.

ಬಂದೂಕು ಸರ್ಕಾರಕ್ಕೆ ಮುಟ್ಟುಗೋಲಾಗಲಿ. ಮುಚ್ಚಳಿಕೆ ಬರೆದುಕೊಟ್ಟು ಊರಿಗೆ ಮರಳಿದವನು ಆ ರಾತ್ರಿಯೂ ಶೇಂಗಾ ಹೊಲದ ಬದುವಿನಲ್ಲಿ ಖಾಲಿ ಡಬ್ಬ ಬಡಿಯುತ್ತ ಎಚ್ಚರವಿರಬೇಕಾದೀತು.