ಮೊಳಕೆಯಲ್ಲೇ ಸಿರಿ ಕಾಣುವ ಆತುರ

ಕಳೆದ ವರ್ಷ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದು ಸಿಡ್ನಿ ನಗರದ ಪಶ್ಚಿಮ ಭಾಗಕ್ಕೆ ಹೋಗಿದ್ದೆ. ಚಳಿಗಾಲದ ಶನಿವಾರಗಳಂದು ಅಲ್ಲಿನ ಬಡಾವಣೆಗಳ ಮೈದಾನಗಳೆಲ್ಲ ಬೆಳಗಿನಿಂದಲೇ ಮಕ್ಕಳಿಂದ ತುಂಬಿರುತ್ತವೆ. ಅವರು ಆಡುವುದು ರಗ್ಬಿ ಲೀಗ್. ಹದಿಮೂರು ವರ್ಷದೊಳಗಿನವರ ತಂಡವೊಂದರಲ್ಲಿ ನನ್ನ ಮೊಮ್ಮಗನೂ ಇದ್ದ. ಆ ದಿನಗಳಲ್ಲೇ ಜಿಲ್ಲಾ ಮಟ್ಟದ ತರಬೇತಿ ತಂಡಕ್ಕೆ ಆಯ್ಕೆ ನಡೆಯಿತು. ಮೈದಾನದ ಅಂಚಿನಲ್ಲಿ ಹಾಳೆ ಹಿಡಿದು ನಿಂತಿದ್ದ ಮೂವರು ಒಂದೆರಡು ಗಂಟೆ ಆಟ ನೋಡಿ ಕೆಲವು ಹೆಸರುಗಳನ್ನು ಓದಿದರು. ಆಯ್ಕೆಯಾದವರಲ್ಲಿ ಕೆಲವರಿಗೆ ಆಗಲೇ ಮೀಸೆ ಚಿಗುರುತ್ತಿತ್ತು. ನವೆಂಬರ್ ಕೊನೆಯಲ್ಲಿ ಹುಟ್ಟಿದ ನನ್ನ ಮೊಮ್ಮಗ ಅವರ ಭುಜದೆತ್ತರಕ್ಕೂ ಬರುತ್ತಿರಲಿಲ್ಲ. ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಮುಂದಿನ ಶನಿವಾರ ಅವನು ಬೂಟು ಕಟ್ಟಲು ಒಪ್ಪಲಿಲ್ಲ.

ಮೊಮ್ಮಗನ ಬಗೆಗಿನ ಮಮತೆಯಿಂದ ಈ ಮಾತು ಹೇಳುತ್ತಿಲ್ಲ. ಅವನು ಶ್ರೇಷ್ಠ ಆಟಗಾರನಾಗುತ್ತಿದ್ದ ಎಂಬ ಭ್ರಮೆಯೂ ನನಗಿಲ್ಲ. ಆದರೆ ಆಡಳಿತದಲ್ಲಿದ್ದಷ್ಟು ಕಾಲ ಹಲವು ಆಯ್ಕೆ ಸಮಿತಿಗಳಲ್ಲಿ ಕುಳಿತವನಾಗಿ ನನಗೆ ಒಂದು ಅನುಮಾನ ಮೂಡಿತು. ಆ ಮೂವರು ಅಳೆದದ್ದು ಪ್ರತಿಭೆಯನ್ನೋ, ಜನ್ಮದಿನಾಂಕವನ್ನೋ?

ಈ ಆಟ ನಮ್ಮಲ್ಲಿ ಅಪರಿಚಿತವಾದ್ದರಿಂದ ಎರಡು ಮಾತು ಹೇಳಬೇಕು. ರಗ್ಬಿಯಲ್ಲಿ ಎರಡು ಕವಲುಗಳಿವೆ. ಯೂನಿಯನ್ ಕವಲಿನಲ್ಲಿ ತಂಡಕ್ಕೆ ಹದಿನೈದು ಮಂದಿ. ಲೀಗ್ ಕವಲಿನಲ್ಲಿ ಹದಿಮೂರು ಮಂದಿ. ಲೀಗ್‌ನಲ್ಲಿ ಚೆಂಡು ಹಿಡಿದು ನುಗ್ಗುವವನನ್ನು ಎದುರಾಳಿಗಳು ತಡೆದು ಕೆಡವುತ್ತಾರೆ. ಆರು ಸಲ ಹಾಗೆ ಕೆಡವುವುದರೊಳಗೆ ಅಂಕ ಗಳಿಸದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಕಬಡ್ಡಿ ಬಲ್ಲವರಿಗೆ ಇದರ ಸೊಗಸು ತಕ್ಷಣ ತಿಳಿಯುತ್ತದೆ. ದೇಹಬಲ ಬೇಕು, ಆದರೆ ಸಂದು ಕಂಡಲ್ಲಿ ನುಸುಳುವ ಚುರುಕುಬುದ್ಧಿಯಿಲ್ಲದ ಬಲ ಇಲ್ಲಿ ನಿರರ್ಥಕ.

ಈ ಕವಲಿನ ಹುಟ್ಟೇ ಒಂದು ಆರ್ಥಿಕ ಪ್ರಶ್ನೆಯಿಂದಾಯಿತು. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿಗಳ ಕಾರ್ಮಿಕರು ಶನಿವಾರ ಪಂದ್ಯವಾಡಲು ಹೋದರೆ ಆ ಹೊತ್ತಿನ ಕೂಲಿ ಕಳೆದುಕೊಳ್ಳುತ್ತಿದ್ದರು. ಆ ನಷ್ಟವನ್ನು ತುಂಬಿಕೊಡಬೇಕೆಂಬ ಬೇಡಿಕೆಯನ್ನು ಉಳ್ಳವರ ಹಿಡಿತದಲ್ಲಿದ್ದ ರಗ್ಬಿ ಸಂಸ್ಥೆ ತಿರಸ್ಕರಿಸಿತು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್‌ಗಳು ಬೇರೆಯಾದವು. ಆಡುವವನ ಸಮಯಕ್ಕೆ ಬೆಲೆ ಇದೆಯೆಂದು ಒಪ್ಪಿಕೊಂಡ ಈ ಆಟ 1908ರಲ್ಲಿ ಸಿಡ್ನಿಯಲ್ಲಿ ಬೇರೂರಿತು. ಇಂದು ಅದೇ ಆಟ ಹದಿಹರೆಯದ ಹುಡುಗರ ಸಮಯಕ್ಕೆ ಎಷ್ಟು ಬೆಲೆ ಕಟ್ಟುತ್ತಿದೆ ಎಂದು ಕೇಳುವುದು ಅನುಚಿತವಲ್ಲ.

ಮೊದಲು ಜನ್ಮದಿನಾಂಕದ ವಿಷಯ. ಆಸ್ಟ್ರೇಲಿಯಾದ ಮಕ್ಕಳ ಆಟದಲ್ಲಿ ಕ್ಯಾಲೆಂಡರ್ ವರ್ಷವೇ ವಯೋಮಿತಿಯ ಆಧಾರ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪಿಗೆ ಸೇರುತ್ತಾರೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಎತ್ತರ, ತೂಕ, ವೇಗ ಎಲ್ಲದರಲ್ಲೂ ದೊಡ್ಡ ಅಂತರ. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಐಸ್ ಹಾಕಿ ಆಟಗಾರರ ಜನ್ಮತಿಂಗಳುಗಳನ್ನು ಪರಿಶೀಲಿಸಿ ಈ ಓರೆಯನ್ನು ಎತ್ತಿ ತೋರಿಸಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಪಟ್ಟಿಗಳಲ್ಲಿ ಹೆಚ್ಚಾಗಿದ್ದರು. ಇಂಗ್ಲೆಂಡಿನ ಕಿರಿಯರ ರಗ್ಬಿ ಲೀಗ್‌ನಲ್ಲಿ ವಯೋಮಿತಿ ಲೆಕ್ಕ ಸೆಪ್ಟೆಂಬರ್ 1ರಿಂದ ಆರಂಭವಾಗುತ್ತದೆ. ಲೀಡ್ಸ್‌ನ ಸಂಶೋಧಕರಾದ ಕೆವಿನ್ ಟಿಲ್, ಸ್ಟೀಫನ್ ಕಾಬ್ಲಿ ಮೊದಲಾದವರು ಅಲ್ಲಿ ನಡೆಸಿದ ಅಧ್ಯಯನಗಳಲ್ಲಿ ಸೆಪ್ಟೆಂಬರಿನ ಆಸುಪಾಸಿನಲ್ಲಿ ಹುಟ್ಟಿದ ಹುಡುಗರಿಗೆ ಅದೇ ಅನುಕೂಲ ದೊರೆತದ್ದು ಕಂಡುಬಂತು. ತಿಂಗಳು ಬದಲಾಯಿತು, ಓರೆ ಬದಲಾಗಲಿಲ್ಲ. ಪ್ರತಿಭೆ ಇಂಗ್ಲೆಂಡಿನಲ್ಲಿ ಸೆಪ್ಟೆಂಬರಿನಲ್ಲೂ ಕೆನಡಾದಲ್ಲಿ ಜನವರಿಯಲ್ಲೂ ಹುಟ್ಟುತ್ತದೆಂದು ಯಾರೂ ವಾದಿಸಲಾರರು.

ಇದರ ಜೊತೆಗೆ ಪ್ರೌಢಾವಸ್ಥೆ ಬೇಗ ಬರುವವರು, ತಡವಾಗಿ ಬರುವವರು ಎಂಬ ಇನ್ನೊಂದು ಭೇದವಿದೆ. ಬೇಗ ಬಲಿತ ಹುಡುಗ ಹದಿಮೂರರಲ್ಲಿ ಎಲ್ಲರನ್ನೂ ಕೆಡವಿ ಓಡುತ್ತಾನೆ. ಹದಿನೆಂಟರ ಹೊತ್ತಿಗೆ ಉಳಿದವರೂ ಅವನೆತ್ತರಕ್ಕೆ ಬೆಳೆದಿರುತ್ತಾರೆ. ಆದರೆ ಅಷ್ಟರಲ್ಲಿ ಐದು ವರ್ಷಗಳ ಉತ್ತಮ ತರಬೇತಿ, ಉತ್ತಮ ಆಹಾರ, ಉತ್ತಮ ಎದುರಾಳಿಗಳು ಎಲ್ಲವೂ ಅವನೊಬ್ಬನಿಗೇ ದೊರೆತಿರುತ್ತವೆ. ಆರಂಭದ ಆಕಸ್ಮಿಕ ಲಾಭ ಅರ್ಹತೆಯಾಗಿ ಪರಿವರ್ತನೆಯಾಗುತ್ತದೆ. ನಾವು ಆರಿಸಿದವನೇ ಗೆದ್ದ ಎಂದು ಆಯ್ಕೆಗಾರರು ಬೀಗುತ್ತಾರೆ.

ಆಯ್ಕೆಯ ತಪ್ಪುಗಳಲ್ಲಿ ಎರಡು ಬಗೆ. ಅನರ್ಹನನ್ನು ಆರಿಸುವುದು ಒಂದು, ಅರ್ಹನನ್ನು ಕೈಬಿಡುವುದು ಇನ್ನೊಂದು. ಮೊದಲನೆಯದು ಬೇಗ ಬಯಲಾಗುತ್ತದೆ, ಅದಕ್ಕೆ ಹೊಣೆಗಾರರೂ ಸಿಗುತ್ತಾರೆ. ಎರಡನೆಯದು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಕೈಬಿಟ್ಟವನು ಮನೆಗೆ ಹೋಗಿ ಬೇರೇನೋ ಆಗುತ್ತಾನೆ. ಹಠ ಹಿಡಿದು ಮರಳಿ ಬಂದವರಿಂದ ಮಾತ್ರ ಆ ನಷ್ಟದ ಅಂದಾಜು ನಮಗೆ ಸಿಗುತ್ತದೆ. ಜೊನಾಥನ್ ಥರ್ಸ್ಟನ್ ಅಂಥವರಲ್ಲಿ ಒಬ್ಬರು. ಹದಿಹರೆಯದಲ್ಲಿ ಮೈಕಟ್ಟು ಸಾಲದೆಂದು ಹಲವು ಕ್ಲಬ್‌ಗಳು ಅವರನ್ನು ತಳ್ಳಿಹಾಕಿದ್ದವು. ಮುಂದೆ ಆಸ್ಟ್ರೇಲಿಯಾ ಲೀಗಿನ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಡ್ಯಾಲಿ ಎಂ ಪದಕವನ್ನು ಅವರು 2005, 2007, 2014, 2015ರಲ್ಲಿ, ಅಂದರೆ ನಾಲ್ಕು ಬಾರಿ, ಪಡೆದರು. 2015ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡ್ ತಂಡಕ್ಕೆ ಮೊದಲ ಪ್ರಶಸ್ತಿ ತಂದುಕೊಟ್ಟರು. ಇಂಗ್ಲೆಂಡಿನ ರಾಬ್ ಬರೋ ಕೇವಲ ಐದೂವರೆ ಅಡಿಯ ಆಸುಪಾಸಿನವರು. ಈ ಆಟಕ್ಕೆ ನೀನು ಗಿಡ್ಡ ಎಂಬ ಮಾತನ್ನು ಬಾಲ್ಯದಿಂದಲೂ ಕೇಳಿದವರು. ಲೀಡ್ಸ್ ಕ್ಲಬ್ ಅವರನ್ನು ಬಿಡಲಿಲ್ಲ. 2001ರಿಂದ 2017ರವರೆಗೆ ಆಡಿದ ಅವರು ಎಂಟು ಬಾರಿ ಚಾಂಪಿಯನ್ ತಂಡದಲ್ಲಿದ್ದರು. 2024ರಲ್ಲಿ ನರರೋಗದಿಂದ ಅವರು ತೀರಿಕೊಂಡಾಗ ಆ ನಗರವೇ ಕಂಬನಿ ಮಿಡಿಯಿತು. ಇಂಥವರ ಕಥೆಗಳನ್ನು ಛಲದ ಕಥೆಗಳೆಂದು ಹೇಳಿ ಚಪ್ಪಾಳೆ ತಟ್ಟುವುದು ವಾಡಿಕೆ. ಅವರಷ್ಟು ಛಲವಿಲ್ಲದೆ, ಆದರೆ ಅವರಷ್ಟೇ ಪ್ರತಿಭೆಯಿದ್ದು ಹಿಂದೆ ಸರಿದವರೆಷ್ಟು ಮಂದಿ ಎಂಬ ಲೆಕ್ಕ ಚಪ್ಪಾಳೆಯ ಸದ್ದಿನಲ್ಲಿ ಕೇಳಿಸುವುದಿಲ್ಲ.

ಹಾಗಾದರೆ ಪ್ರತಿಭೆಯನ್ನು ಬೆಳೆಸುವುದು ಅಸಾಧ್ಯವೇ? ಖಂಡಿತ ಅಲ್ಲ. ಸಿಡ್ನಿಯ ಪಶ್ಚಿಮದಂಚಿನ ಪೆನ್ರಿತ್ ಕ್ಲಬ್ ಅದಕ್ಕೆ ಸಾಕ್ಷಿ. 2011ರಲ್ಲಿ ಆಡಳಿತದ ಹೊಣೆ ಹೊತ್ತ ಫಿಲ್ ಗೂಲ್ಡ್ ಹೊರಗಿನ ತಾರೆಯರನ್ನು ಕೊಳ್ಳುವುದಕ್ಕಿಂತ ಸುತ್ತಲಿನ ಬಡಾವಣೆಗಳ ಹಾಗೂ ರಾಜ್ಯದ ಒಳನಾಡಿನ ಹುಡುಗರನ್ನು ಬೆಳೆಸುವುದಕ್ಕೆ ಒತ್ತು ಕೊಟ್ಟರು. ಫಲ ಕೂಡಲೇ ಬರಲಿಲ್ಲ; ಒಂದು ದಶಕ ಕಾಯಬೇಕಾಯಿತು. 2021ರಿಂದ 2024ರವರೆಗೆ ಆ ಕ್ಲಬ್ ಸತತ ನಾಲ್ಕು ಬಾರಿ ಪ್ರಶಸ್ತಿ ಗೆದ್ದಿತು. ಸೇಂಟ್ ಜಾರ್ಜ್ ಕ್ಲಬ್ 1956ರಿಂದ 1966ರವರೆಗೆ ಸತತ ಹನ್ನೊಂದು ಬಾರಿ ಗೆದ್ದ ಬಳಿಕ ಇಂಥ ಸಾಧನೆ ಯಾರಿಂದಲೂ ಆಗಿರಲಿಲ್ಲ. ಜೆರೋಮ್ ಲುವೈ, ಬ್ರಯಾನ್ ಟೋ'ಓ, ಸ್ಟೀಫನ್ ಕ್ರೈಟನ್ ಮುಂತಾದವರು ಅಲ್ಲಿಯೇ ಬೆಳೆದ ಹುಡುಗರು. ಲುವೈ ಮತ್ತು ಟೋ'ಓ ಬಂದ ಮೌಂಟ್ ಡ್ರುಯಿಟ್ ಪ್ರದೇಶದ ಹೆಸರು ಪತ್ರಿಕೆಗಳಲ್ಲಿ ಬಡತನದ ಸುದ್ದಿಗಷ್ಟೇ ಬರುತ್ತಿತ್ತು.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅದರ ಮುಂದಿನ ಅಧ್ಯಾಯವೇ ಹೆಚ್ಚು ಬೋಧಪ್ರದ. 1990ರಿಂದ ಆ ಲೀಗಿನಲ್ಲಿ ಪ್ರತಿ ಕ್ಲಬ್‌ನ ಒಟ್ಟು ವೇತನಕ್ಕೆ ಮಿತಿಯಿದೆ. ಹುಡುಗರು ಪ್ರಸಿದ್ಧರಾದಂತೆ ಅವರ ಬೆಲೆ ಏರುತ್ತದೆ, ಬೆಳೆಸಿದ ಕ್ಲಬ್ ಎಲ್ಲರನ್ನೂ ಉಳಿಸಿಕೊಳ್ಳಲಾರದು. ಕ್ರೈಟನ್ 2024ರಲ್ಲಿ ಕ್ಯಾಂಟರ್‌ಬರಿಗೆ ಹೋದರು. ಲುವೈ 2025ರಲ್ಲಿ ವೆಸ್ಟ್ಸ್ ಟೈಗರ್ಸ್ ಸೇರಿದರು. ಎಲ್ಲೆಡೆಯೂ ಉಪಯೋಗಕ್ಕೆ ಬರುವ ಕೌಶಲವನ್ನು ಕಲಿಸಲು ಯಾವ ಮಾಲೀಕನೂ ಸ್ವಂತ ಹಣ ಹೂಡಲು ಹಿಂಜರಿಯುತ್ತಾನೆ, ಏಕೆಂದರೆ ಲಾಭ ಪಡೆಯುವವನು ಮತ್ತೊಬ್ಬ ಮಾಲೀಕ. ಗ್ಯಾರಿ ಬೆಕರ್ 1964ರ ತಮ್ಮ ‘ಮಾನವ ಬಂಡವಾಳ’ ಗ್ರಂಥದಲ್ಲಿ ವಿವರಿಸಿದ ತರ್ಕವಿದು. ಆಟಗಾರನಿಗೆ ಕ್ಲಬ್ ಬದಲಿಸುವ ಸ್ವಾತಂತ್ರ್ಯ ಇರಲೇಬೇಕು. ಆದರೆ ಬೆಳೆಸಿದವರಿಗೆ ಏನೂ ಸಲ್ಲದಿದ್ದರೆ ಎಲ್ಲರೂ ಬೆಳೆಸುವ ಕೆಲಸ ಬಿಟ್ಟು ಕೊಯ್ಲಿಗೆ ಇಳಿಯುತ್ತಾರೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ 2001ರಲ್ಲೇ ಆಟಗಾರನನ್ನು ತರಬೇತುಗೊಳಿಸಿದ ಕ್ಲಬ್‌ಗಳಿಗೆ ಪರಿಹಾರ ನೀಡುವ ವ್ಯವಸ್ಥೆಯನ್ನು ತಂದಿತು. ಅಂಥ ಹಣದಲ್ಲಿ ಒಂದು ಪಾಲು ಬಡಾವಣೆಯ ಪುಟ್ಟ ಕ್ಲಬ್‌ಗೂ ಮುಟ್ಟಬೇಕು. ಶನಿವಾರ ಮೈದಾನಕ್ಕೆ ಗೆರೆ ಹಾಕುವ, ಸಂಬಳವಿಲ್ಲದೆ ತರಬೇತಿ ಕೊಡುವ ತಂದೆ ತಾಯಂದಿರ ಬೆವರಿನ ಮೇಲೆಯೇ ಈ ಉದ್ಯಮ ನಿಂತಿದೆ.

ಇನ್ನು ಆಯ್ಕೆಯಾದವರ ಪಾಡು. 2023ರಿಂದ ಆಸ್ಟ್ರೇಲಿಯಾದ ಲೀಗಿನಲ್ಲಿ 17 ಕ್ಲಬ್‌ಗಳಿವೆ. ಪ್ರತಿ ಕ್ಲಬ್‌ನ ಮುಖ್ಯ ಪಟ್ಟಿಯಲ್ಲಿ 30 ಸ್ಥಾನ, ಒಟ್ಟು 510. ಅದರಲ್ಲಿ ಬಹುಪಾಲು ಸ್ಥಾನಗಳು ಯಾವ ವರ್ಷವೂ ತೆರವಾಗುವುದಿಲ್ಲ. ಆ ಕೆಲವೇ ತೆರಪುಗಳಿಗಾಗಿ ಸಾವಿರಾರು ಹುಡುಗರು ಹದಿಮೂರರಿಂದಲೇ ಓಟಕ್ಕೆ ನಿಂತಿರುತ್ತಾರೆ. ಇಪ್ಪತ್ತು ವರ್ಷದೊಳಗಿನವರಿಗಾಗಿ 2008ರಲ್ಲಿ ರಾಷ್ಟ್ರಮಟ್ಟದ ಪಂದ್ಯಾವಳಿಯೊಂದನ್ನು ಆರಂಭಿಸಲಾಯಿತು. ದೂರದರ್ಶನ ಪ್ರಸಾರ, ವಿಮಾನಯಾನ, ಪ್ರಚಾರ ಎಲ್ಲವೂ ಇತ್ತು. ತಾವು ಗುರಿ ಮುಟ್ಟಿದೆವೆಂದು ಹುಡುಗರಿಗೆ ಅನ್ನಿಸುವಷ್ಟು ಇತ್ತು. ಆದರೆ ಹೆಚ್ಚಿನವರಿಗೆ ಅದೇ ಕೊನೆಯ ನಿಲ್ದಾಣವಾಯಿತು. 2013ರ ಆರಂಭದ ಕೆಲವೇ ತಿಂಗಳುಗಳಲ್ಲಿ ಇಪ್ಪತ್ತರ ಹರೆಯದ ಇಬ್ಬರು ಆಟಗಾರರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇಂಥ ಸಾವಿಗೆ ಒಂದೇ ಕಾರಣವನ್ನು ಹೊರಗಿನವರು ಹೊರಿಸಬಾರದು. ಆದರೂ ಕ್ರೀಡೆಯ ಆಡಳಿತಗಾರರು ಈ ಹುಡುಗರ ಮೇಲಿನ ಒತ್ತಡವನ್ನು ಗಂಭೀರವಾಗಿ ನೋಡಬೇಕಾಯಿತು. 2017ರ ಬಳಿಕ ಆ ಪಂದ್ಯಾವಳಿಯನ್ನು ನಿಲ್ಲಿಸಿ ಕಿರಿಯರನ್ನು ರಾಜ್ಯಮಟ್ಟದ ಸ್ಪರ್ಧೆಗಳಿಗೆ ಮರಳಿಸಲಾಯಿತು.

ಈ ಒತ್ತಡ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಲೀಗಿನ ಆಟಗಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸಮೋವಾ, ಟೊಂಗಾ ಮೊದಲಾದ ಪೆಸಿಫಿಕ್ ದ್ವೀಪಗಳ ಅಥವಾ ಮಾವೊರಿ ಮೂಲದವರು. ದೊಡ್ಡ ಮೈಕಟ್ಟಿನ ದ್ವೀಪದ ಹುಡುಗನನ್ನು ಕಂಡೊಡನೆ ಇವನು ಆಟಕ್ಕಾಗಿಯೇ ಹುಟ್ಟಿದವನು ಎಂದುಬಿಡುವುದು ಹೊಗಳಿಕೆಯಂತೆ ಕೇಳುತ್ತದೆ. ಓದು ಅವನಿಗೆ ಹೇಳಿದ್ದಲ್ಲ ಎಂಬ ತೀರ್ಪೂ ಅದರೊಳಗೆ ಅಡಗಿರುತ್ತದೆ. ತಂದೆ ತಾಯಿ, ಅಜ್ಜಿ, ಊರಿನ ಚರ್ಚು ಎಲ್ಲರ ನಿರೀಕ್ಷೆಯನ್ನೂ ಹೊತ್ತು ಬರುವ ಹುಡುಗ ತಂಡದಿಂದ ಹೊರಬಿದ್ದಾಗ ಅವನೊಬ್ಬನೇ ಸೋಲುವುದಿಲ್ಲ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಪ್ರವೇಶ ಪರೀಕ್ಷೆಯ ಫಲಿತಾಂಶದ ದಿನ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪರಿಹಾರಗಳು ನಿಗೂಢವೇನಲ್ಲ, ಕೆಲವು ಆಗಲೇ ಜಾರಿಯಲ್ಲಿವೆ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅಂಕಪಟ್ಟಿ, ಅಂತಿಮ ಪಂದ್ಯಗಳ ಪೈಪೋಟಿ ಬೇಡವೆಂಬ ನಿರ್ಧಾರವನ್ನು ಕ್ವೀನ್ಸ್‌ಲ್ಯಾಂಡ್ ಸಂಸ್ಥೆ 2022ರಲ್ಲಿ ಪ್ರಕಟಿಸಿತು. ಮಕ್ಕಳನ್ನು ಹೂವಿನಂತೆ ಬೆಳೆಸುತ್ತಿದ್ದಾರೆಂದು ಹಲವರು ಗೇಲಿ ಮಾಡಿದರು. ಆದರೆ ಗೆಲ್ಲಲೇಬೇಕಾದ ತರಬೇತುದಾರ ಚೆಂಡನ್ನು ದೊಡ್ಡ ಹುಡುಗನಿಗೇ ಕೊಡಿಸುತ್ತಾನೆ. ಗೆಲ್ಲುವ ಹಂಗಿಲ್ಲದವನು ಎಲ್ಲರಿಗೂ ಕಲಿಸುತ್ತಾನೆ. ನ್ಯೂ ಸೌತ್ ವೇಲ್ಸ್‌ನ ಹೆರಾಲ್ಡ್ ಮ್ಯಾಥ್ಯೂಸ್ ಕಪ್, ಎಸ್.ಜಿ. ಬಾಲ್ ಕಪ್‌ಗಳ ವಯೋಮಿತಿಯನ್ನು ಇತ್ತೀಚಿನ ವರ್ಷಗಳಲ್ಲಿ 16ರಿಂದ 17ಕ್ಕೆ, 18ರಿಂದ 19ಕ್ಕೆ ಏರಿಸಿರುವುದೂ ಸರಿಯಾದ ಹೆಜ್ಜೆ. ತಡವಾಗಿ ಬಲಿಯುವವರಿಗೆ ಒಂದು ವರ್ಷದ ಅವಕಾಶ ಕಡಿಮೆಯೇನಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮಕ್ಕಳನ್ನು ವಯಸ್ಸಿನ ಜೊತೆಗೆ ತೂಕದ ಪ್ರಕಾರವೂ ವಿಂಗಡಿಸಿ ಆಡಿಸುವ ಪದ್ಧತಿ ಹಳೆಯದು. ಚಿಕ್ಕವನು ಚಿಕ್ಕವರ ನಡುವೆ ಆಡಿದಾಗಷ್ಟೇ ಅವನ ಕೌಶಲ ಕಣ್ಣಿಗೆ ಬೀಳುತ್ತದೆ. ದೊಡ್ಡವನು ದೊಡ್ಡವರ ನಡುವೆ ಆಡಿದಾಗ ಅವನಿಗೂ ಬಲದ ಹೊರತಾಗಿ ಬೇರೇನನ್ನಾದರೂ ಕಲಿಯುವ ಅಗತ್ಯ ಬೀಳುತ್ತದೆ.

ಇವುಗಳಿಗೆ ನಾನು ಇನ್ನೆರಡನ್ನು ಸೇರಿಸುತ್ತೇನೆ. ಮೊದಲನೆಯದಾಗಿ, ಆಯ್ಕೆಗಾರರ ಕೈಯಲ್ಲಿನ ಹಾಳೆಯಲ್ಲಿ ಹುಡುಗನ ಹೆಸರಿನ ಪಕ್ಕ ಜನ್ಮತಿಂಗಳು ಇರಲಿ, ಹಾಗೂ ಕೈಬಿಟ್ಟವರನ್ನು ಮುಂದಿನ ಎರಡು ವರ್ಷ ಮರಳಿ ನೋಡುವುದು ಕಡ್ಡಾಯವಾಗಲಿ. ಒಮ್ಮೆ ಮುಚ್ಚಿದ ಕಡತವನ್ನು ಮತ್ತೆ ತೆರೆಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದ್ದರಿಂದಲೇ ಅದನ್ನು ನಿಯಮವಾಗಿಸಬೇಕು. ಎರಡನೆಯದಾಗಿ, ಒಂದು ಅಕಾಡೆಮಿಯ ಯೋಗ್ಯತೆಯನ್ನು ಅದು ಹೊರತಂದ ತಾರೆಯರಿಂದ ಮಾತ್ರ ಅಳೆಯದೆ, ಅಲ್ಲಿಂದ ಹೊರಬಿದ್ದವರು ಐದು ವರ್ಷಗಳ ನಂತರ ಏನಾಗಿದ್ದಾರೆಂಬುದರಿಂದಲೂ ಅಳೆಯಬೇಕು. ಓದು ಅಥವಾ ಕಸುಬು ಕೈಯಲ್ಲಿಟ್ಟು ಕಳುಹಿಸದ ಅಕಾಡೆಮಿ ಹುಡುಗನ ಸಮಯವನ್ನು ಕೂಲಿಯಿಲ್ಲದೆ ದುಡಿಸಿಕೊಂಡಂತೆ. 1895ರಲ್ಲಿ ಜಾರ್ಜ್ ಹೋಟೆಲಿನಲ್ಲಿ ಸೇರಿದವರು ಪ್ರತಿಭಟಿಸಿದ್ದು ಅಂಥ ಅನ್ಯಾಯವನ್ನೇ.

ಈ ಮಾತುಗಳಿಗೆ ಈಗ ವಿಶೇಷ ಸಂದರ್ಭವೂ ಇದೆ. ರಗ್ಬಿ ಲೀಗನ್ನು ರಾಷ್ಟ್ರೀಯ ಕ್ರೀಡೆಯೆಂದೇ ಭಾವಿಸುವ ಪಪುವಾ ನ್ಯೂಗಿನಿಯ ತಂಡ 2028ರಲ್ಲಿ ಈ ಲೀಗನ್ನು ಸೇರಲಿದೆಯೆಂದು 2024ರ ಡಿಸೆಂಬರಿನಲ್ಲಿ ಘೋಷಿಸಲಾಯಿತು. ಇದಕ್ಕಾಗಿ ಹತ್ತು ವರ್ಷಗಳಲ್ಲಿ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಒದಗಿಸುವುದಾಗಿ ಆಸ್ಟ್ರೇಲಿಯಾ ಸರ್ಕಾರ ಹೇಳಿದೆ. ಅಲ್ಲಿನ ಬೆಟ್ಟದ ಹಳ್ಳಿಗಳಲ್ಲಿ ಬರಿಗಾಲಿನಲ್ಲಿ ಆಡುವ ಹುಡುಗರ ನಡುವೆ ಹಾಳೆ ಹಿಡಿದವರು ಇನ್ನು ಮುಂದೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ. ಅವರು ಹತ್ತು ಹುಡುಗರನ್ನು ವಿಮಾನ ಹತ್ತಿಸಿ ಉಳಿದವರನ್ನು ಮರೆಯುತ್ತಾರೋ, ಶಾಲೆಗಳಿಗೆ ಮೈದಾನವನ್ನೂ ಶಿಕ್ಷಕರನ್ನೂ ಒದಗಿಸುತ್ತಾರೋ ಎಂಬುದರ ಮೇಲೆ ಆ ಹಣದ ಸಾರ್ಥಕ್ಯ ನಿಂತಿದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದರು ನಮ್ಮ ಹಿರಿಯರು. ಆದರೆ ಅವರು ಕೃಷಿಕರು. ಮೊದಲು ಮೊಳೆತದ್ದನ್ನಷ್ಟೇ ಉಳಿಸಿಕೊಂಡು ಉಳಿದ ಮಡಿಗೆ ನೀರು ನಿಲ್ಲಿಸುವ ಬೇಸಾಯವನ್ನು ಅವರು ಎಂದೂ ಮಾಡಲಿಲ್ಲ. ನಿಧಾನವಾಗಿ ಮೊಳೆಯುವ ಬೀಜವೂ ಇದೆಯೆಂದು ಅವರಿಗೆ ಗೊತ್ತಿತ್ತು. ಅದಕ್ಕೂ ನೀರು ಹಾಯಿಸಿ ಕಾಯುತ್ತಿದ್ದರು.