ಕುಂಡಕ್ಕೆ ಮಣ್ಣು ಬೇಡವೇ?

"ಮಣ್ಣಿನ ಕಾಲ ಮುಗಿಯಿತು, ಈಗೇನಿದ್ದರೂ ಕೋಕೋಪೀಟ್" ಎಂಬ ಮಾತು ತಾರಸಿ ತೋಟದವರ ನಡುವೆ ಈಚೆಗೆ ಸಲೀಸಾಗಿ ಓಡಾಡುತ್ತಿದೆ. ಮಾತು ಅರ್ಧ ನಿಜ. ಆ ಅರ್ಧ ಸಸಿಗೆ ಸೇರಿದ್ದು, ಕುಂಡದ ಗಿಡಕ್ಕಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ನರ್ಸರಿಗಳಲ್ಲಿ ಟೊಮೆಟೊ ಸಸಿ ಬೆಳೆಯುವುದು 98 ಗುಳಿಗಳ ಪ್ರೋಟ್ರೇಯಲ್ಲಿ, ಕೋಕೋಪೀಟ್ ಎಂಬ ಈ ತೆಂಗಿನ ನಾರಿನ ಪುಡಿಯಲ್ಲಿ. ಅಲ್ಲಿ ಅದಕ್ಕೆ ಸಾಟಿಯಿಲ್ಲ. ಹಗುರ, ತೇವ ಹಿಡಿಯುತ್ತದೆ, ಮಣ್ಣಿನಿಂದ ಬರುವ ಕೊಳೆರೋಗದ ಕಾಟ ಕಡಿಮೆ, ಬೇರು ಹರಿಯದೆ ಸಸಿ ಇಡಿಯಾಗಿ ಎದ್ದು ಬರುತ್ತದೆ. ಆದರೆ ಸಸಿ ಅಲ್ಲಿರುವುದು ಮೂರು-ನಾಲ್ಕು ವಾರ. ಮೊದಲ ದಿನಗಳ ಊಟ ಬೀಜದಲ್ಲೇ ಇದೆ. ಆಮೇಲಿನದನ್ನು ನರ್ಸರಿಯವರು ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ದಾಸವಾಳವನ್ನೋ ಕರಿಬೇವನ್ನೋ ಅದೇ ಪುಡಿಯಲ್ಲಿ ವರ್ಷಗಟ್ಟಲೆ ಕೂರಿಸಿದರೆ ಲೆಕ್ಕ ತಪ್ಪುತ್ತದೆ. ಪುಡಿಯಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆಂದು ಹಾಕಿದ ಸಾರಜನಕವನ್ನೂ ಕಬಳಿಸುತ್ತವೆ. ಪುಡಿಯನ್ನು ತೊಳೆಯದೆ ಒತ್ತಿ ಮಾರುವ ಇಟ್ಟಿಗೆಗಳಲ್ಲಿ ಉಪ್ಪಿನ ಕಾಟ ಬೇರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಪುಡಿಯನ್ನು ಹುದುಗಿಸಿ 'ಅರ್ಕ ಫರ್ಮೆಂಟೆಡ್ ಕೋಕೋಪೀಟ್' ಮಾಡಿದ್ದು ಸುಮ್ಮನೆ ಅಲ್ಲ.

ಮಣ್ಣು ಭಾರ ಎಂಬ ವಾದವನ್ನು ಮಾತ್ರ ತಳ್ಳಿಹಾಕಲಾರೆ. 20 ಲೀಟರಿನ ಕುಂಡಕ್ಕೆ ಮಣ್ಣು ತುಂಬಿ ನೀರುಣಿಸಿದರೆ 30 ಕಿಲೋ ದಾಟುತ್ತದೆ. ಹಳೆಯ ತಾರಸಿಯ ಮೇಲೆ ಅಂಥವು ಸಾಲಾಗಿ ಕೂತರೆ ಮನೆಯವರು ದಿಗಿಲುಬೀಳುವುದು ನ್ಯಾಯ. ಹೊಲದ ಬರಿ ಮಣ್ಣು ಕುಂಡದಲ್ಲಿ ಬೇಗ ಗಟ್ಟಿಯಾಗುವುದೂ ನಿಜ. ಮಣ್ಣೆಂದರೆ ಕೊಳಕು ಎನ್ನುವವರು ಪ್ಲಾಸ್ಟಿಕ್ ಹೂವು ಕೊಳ್ಳಲಿ.

ಇಷ್ಟಕ್ಕೂ ಮಣ್ಣೋ ಪುಡಿಯೋ ಎಂದು ಜಗಳಕ್ಕಿಳಿದವರು ಬೇರಿಗೆ ಗಾಳಿ ಬೇಕೆಂಬುದನ್ನೇ ಮರೆಯುತ್ತಾರೆ. ಒಗೆದ ಪಂಚೆಯನ್ನು ಹಗ್ಗಕ್ಕೆ ಹಾಕಿದಾಗ ಕೆಳಗಿನ ಅಂಚು ಕೊನೆಯವರೆಗೂ ಒದ್ದೆಯಿರುವಂತೆ, ಕುಂಡದ ತಳದಲ್ಲೂ ಒಂದು ಪದರ ತೊಯ್ದೇ ಇರುತ್ತದೆ. ಗಾಳಿ ಸಿಗದೆ ಬೇರು ಕೊಳೆಯುವುದು ಅಲ್ಲಿ. ಇದಕ್ಕೆ ಮದ್ದೆಂದು ತಳಕ್ಕೆ ಜಲ್ಲಿ ಹಾಸುವವರಿದ್ದಾರೆ; ಅದು ಕೆಲಸ ಕೆಡಿಸುವ ಮದ್ದು. ನುಣ್ಣನೆಯ ಮಣ್ಣು ತಾನು ಪೂರ್ತಿ ತೊಯ್ಯುವ ತನಕ ಜಲ್ಲಿಗೆ ನೀರು ಬಿಟ್ಟುಕೊಡುವುದಿಲ್ಲ. ಹಾಗಾಗಿ ತೊಯ್ದ ಪದರ ಹೋಗುವ ಬದಲು ಜಲ್ಲಿಯ ಎತ್ತರದಷ್ಟು ಮೇಲೇರಿ ಬೇರಿನ ಹತ್ತಿರಕ್ಕೇ ಬರುತ್ತದೆ. ದಪ್ಪ ಕಣಗಳನ್ನು ಮಣ್ಣಿನ ತುಂಬ ಬೆರೆಸಬೇಕು, ಅಡಿಯಲ್ಲಿ ಹಾಸಬಾರದು. ಬರಿ ಕೋಕೋಪೀಟಿನ ಮೋಸ ಇನ್ನೊಂದು: ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿ, ನೋಡಿದವರು ಮತ್ತೆ ನೀರು ಸುರಿಯುತ್ತಾರೆ.

ಪ್ರೋಟ್ರೇಗೆ ಪುಡಿಯೇ ಇರಲಿ. ಕುಂಡಕ್ಕೆ ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಭಾರ ಇಳಿಸಲು ನಾರಿನ ಪುಡಿ, ಅದೂ ಮೂರನೇ ಒಂದು ಪಾಲು ಮೀರದಂತೆ. ಕೊಳ್ಳುವ ಮುಂಚೆ, ತೊಳೆದದ್ದೋ ಅಲ್ಲವೋ ಎಂದು ಅಂಗಡಿಯವರನ್ನು ಕೇಳಿ.